ಡಿಎನ್‌ಎಸ್ ದಾಖಲೆಗಳ ಸ್ಥಳಾಂತರ ಮತ್ತು ನಿರ್ವಹಣೆ

ಅಂತರಜಾಲದ ಹೆಸರುಗಳನ್ನು ಅಂಕಿಯ ವಿಳಾಸಗಳಿಗೆ ಜೋಡಿಸುವ ದಾಖಲೆಗಳನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವುದು, ತಿದ್ದುವುದು, ಕಾಯುವುದು ಕೇಳಲು ಬರೀ ಗುಮಾಸ್ತಗಿರಿ. ಸಾಧಾರಣ ಸಂಸ್ಥೆಯೊಂದರ ಡೊಮೇನ್ ದಾಖಲೆಗಳೆಲ್ಲ ಒಂದೆರಡು ಪುಟದ ಪಠ್ಯ ಕಡತದಲ್ಲಿ ಹಿಡಿಸುತ್ತವೆ. ನಕಲು ಮಾಡಲು ಒಂದು ನಿಮಿಷ ಸಾಕು. ತೊಡಕು ಶುರುವಾಗುವುದು ಆಮೇಲೆ. ಅದೇ ದಾಖಲೆಗಳ ಪ್ರತಿಗಳು ಆಗಲೇ ಊರೂರಿನ ಸರ್ವರ್‌ಗಳ ನೆನಪಿನಲ್ಲಿ ಕುಳಿತಿರುತ್ತವೆ. ಆ ನೆನಪನ್ನು ಅಳಿಸುವ ಅಧಿಕಾರ ಡೊಮೇನಿನ ಒಡೆಯನಿಗಿಲ್ಲ. ಅದು ತಾನಾಗಿ ಸವೆಯುವವರೆಗೆ ಕಾಯಬೇಕು.

ಕೆಲವೊಮ್ಮೆ ಅದು ಸವೆಯುವುದೇ ಇಲ್ಲ. ಡಿಎನ್‌ಎಸ್‌ನ ಬುಡದಲ್ಲಿರುವ ಹದಿಮೂರು ರೂಟ್ ಹೆಸರುಗಳಲ್ಲಿ ಒಂದಾದ ಜೆ-ರೂಟ್ 2002ರ ನವೆಂಬರ್‌ನಲ್ಲಿ 198.41.0.10 ಎಂಬ ವಿಳಾಸ ಬಿಟ್ಟು 192.58.128.30ಕ್ಕೆ ಮನೆ ಬದಲಿಸಿತು. ಅದನ್ನು ನಡೆಸುವ ವೆರಿಸೈನ್ ಸಂಸ್ಥೆಯ ಇಂಜಿನಿಯರರು 2015ರಲ್ಲಿ ಹಳೆಯ ವಿಳಾಸದತ್ತ ಕಿವಿಗೊಟ್ಟಾಗ, 13 ವರ್ಷಗಳ ನಂತರವೂ ಅಲ್ಲಿಗೆ ಪ್ರಶ್ನೆಗಳು ಬರುತ್ತಲೇ ಇದ್ದವು.

ಈ ವ್ಯವಸ್ಥೆ ಹುಟ್ಟಿದ್ದೂ ಒಂದು ಪಟ್ಟಿಯನ್ನು ಸಾಗಿಸುವ ತಾಪತ್ರಯದಿಂದಲೇ. ಇಂದಿನ ಅಂತರಜಾಲದ ಪೂರ್ವಜವಾದ ಆರ್ಪಾನೆಟ್ ಕಾಲದಲ್ಲಿ ಜಾಲದಲ್ಲಿದ್ದ ಕಂಪ್ಯೂಟರುಗಳ ಹೆಸರೂ ವಿಳಾಸವೂ ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ, ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಜಾಲ ಮಾಹಿತಿ ಕೇಂದ್ರ ಅದನ್ನು ನೋಡಿಕೊಳ್ಳುತ್ತಿತ್ತು. ಕೇಂದ್ರದ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. ಹೊಸ ಯಂತ್ರ ತಂದವರು ಅಲ್ಲಿಗೆ ತಿಳಿಸಬೇಕು, ಕೇಂದ್ರದವರು ಪಟ್ಟಿ ತಿದ್ದಬೇಕು, ಮಿಕ್ಕವರೆಲ್ಲ ಅದನ್ನು ಇಳಿಸಿಕೊಳ್ಳಬೇಕು. ಹೊಸ ಪಟ್ಟಿ ವಾರಕ್ಕೆ ಒಂದೆರಡು ಸಲ ಬರುತ್ತಿತ್ತು. ಯಂತ್ರಗಳು ನೂರರ ಲೆಕ್ಕದಲ್ಲಿದ್ದಾಗ ಇದು ನಡೆಯಿತು. ಜಾಲ ಬೆಳೆದಂತೆ, ಎಲ್ಲರೂ ಎಲ್ಲರ ವಿಳಾಸವನ್ನೂ ಹೊತ್ತು ತಿರುಗುವ ಈ ಪದ್ಧತಿ ಕುಸಿಯತೊಡಗಿತು.

ಪರಿಹಾರ ಹುಡುಕುವ ಕೆಲಸವನ್ನು ಜಾಲದ ಸಂಶೋಧಕ ಜಾನ್ ಪೋಸ್ಟೆಲ್ ತಮ್ಮ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್‌ಗೆ ಒಪ್ಪಿಸಿದರು. ಮುಂದಿದ್ದ ಹಲವು ಪ್ರಸ್ತಾವಗಳ ನಡುವೆ ರಾಜಿ ಮಾಡಿಸುವುದಷ್ಟೇ ಅವರಿಗೆ ಹೇಳಿದ್ದು. ಮೊಕಪೆಟ್ರಿಸ್ ರಾಜಿಯ ಗೋಜಿಗೆ ಹೋಗದೆ ತಮ್ಮದೇ ವಿನ್ಯಾಸ ಬರೆದರು. 1983ರಲ್ಲಿ ಆರ್‌ಎಫ್‌ಸಿ 882 ಮತ್ತು 883 ಎಂಬ ಜಾಲ ಮಾನಕಪತ್ರಗಳು ಹೊರಬಂದವು. 1987ರ ನವೆಂಬರ್‌ನಲ್ಲಿ ಅವುಗಳ ಜಾಗಕ್ಕೆ ಬಂದ 1034 ಮತ್ತು 1035 ಇಂದಿಗೂ ಡಿಎನ್‌ಎಸ್‌ನ ಮೂಲ ಗ್ರಂಥಗಳು. ಬರ್ಕ್‌ಲಿಯ ನಾಲ್ವರು ವಿದ್ಯಾರ್ಥಿಗಳು 1984ರ ಸುಮಾರಿಗೆ ಯುನಿಕ್ಸ್‌ಗಾಗಿ ಬರೆದ ಬೈಂಡ್ ತಂತ್ರಾಂಶ ಜಗತ್ತಿನ ಉದ್ದಗಲಕ್ಕೂ ಹಬ್ಬಿತು. ಅದರ ಕಡತದ ಬರವಣಿಗೆಯ ರೀತಿಯೇ ಈ ವೃತ್ತಿಯ ಲಿಪಿಯಾಯಿತು.

ಮೊಕಪೆಟ್ರಿಸ್ ಮಾಡಿದ ಮುಖ್ಯ ಕೆಲಸವೆಂದರೆ ಪಟ್ಟಿಯನ್ನು ಹಂಚಿದ್ದು. ಪ್ರತಿ ಡೊಮೇನಿನ ದಾಖಲೆ ಅದರ ಒಡೆಯನ ಸರ್ವರ್‌ನಲ್ಲೇ ಇರುತ್ತದೆ. ಮೇಲಿನ ಹಂತದವರು 'ಇದರ ಬಗ್ಗೆ ಅಲ್ಲಿ ಕೇಳಿ' ಎಂದಷ್ಟೇ ಬೆರಳು ತೋರಿಸುತ್ತಾರೆ. ಬಳಕೆದಾರರ ಪರವಾಗಿ ಊರೆಲ್ಲ ಸುತ್ತಿ ಉತ್ತರ ತರುವ ಸರ್ವರ್‌ಗೆ ರಿಸಾಲ್ವರ್ ಎಂದು ಹೆಸರು. ಅದು ತಂದ ಉತ್ತರವನ್ನು ಕೆಲಕಾಲ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಮತ್ತೆ ಯಾರಾದರೂ ಕೇಳಿದರೆ ಅದನ್ನೇ ಕೊಡುತ್ತದೆ.

ಈ 'ಕೆಲಕಾಲ' ಎಷ್ಟು ಎಂಬುದು ದಾಖಲೆಯಲ್ಲೇ ಇರುತ್ತದೆ. ಅದೇ ಟಿಟಿಎಲ್, ಅಂದರೆ ದಾಖಲೆಯ ಪ್ರತಿಗೆ ಕೊಟ್ಟ ಆಯಸ್ಸು, ಸೆಕೆಂಡುಗಳ ಲೆಕ್ಕದಲ್ಲಿ. 86400 ಎಂದರೆ ಒಂದು ದಿನ, 3600 ಎಂದರೆ ಒಂದು ಗಂಟೆ, 300 ಎಂದರೆ ಐದು ನಿಮಿಷ. ದಾಖಲೆ ಬದಲಿಸಿದ ಮೇಲೆ 'ಹೊಸದು ಜಗತ್ತಿಗೆಲ್ಲ ಹರಡಲು 48 ಗಂಟೆ ಬೇಕು' ಎಂದು ಸೇವಾದಾರರ ಸಹಾಯವಾಣಿಗಳು ಹೇಳುವುದು ವಾಡಿಕೆ. ಮಾತು ತಪ್ಪುದಾರಿಗೆ ಎಳೆಯುತ್ತದೆ. ಇಲ್ಲಿ ಹೊಸದು ಎಲ್ಲಿಗೂ ಹರಡುವುದಿಲ್ಲ, ಯಾರೂ ಅದನ್ನು ಎಲ್ಲಿಗೂ ಕಳಿಸುವುದಿಲ್ಲ. ಹಳೆಯ ಪ್ರತಿಗಳು ಒಂದೊಂದಾಗಿ ಆಯಸ್ಸು ತೀರಿ ಸಾಯುತ್ತವೆ, ಆಗ ರಿಸಾಲ್ವರ್ ಮತ್ತೆ ಬಂದು ಕೇಳುತ್ತದೆ, ಅಷ್ಟೇ. ಇದು ಬರೀ ಮಾತಿನ ವ್ಯತ್ಯಾಸವಲ್ಲ. ಹರಡುವುದೆಂದು ನಂಬಿದವರು ಬದಲಾವಣೆಯಾದ ಮೇಲೆ ಟಿಟಿಎಲ್ ಇಳಿಸಲು ಓಡುತ್ತಾರೆ. ಸಾಯುವುದೆಂದು ತಿಳಿದವರು ಬದಲಾವಣೆಗೆ ಎರಡು ದಿನ ಮೊದಲೇ ಇಳಿಸಿರುತ್ತಾರೆ.

ಇಲ್ಲ ಎಂಬ ಉತ್ತರಕ್ಕೂ ಆಯಸ್ಸುಂಟು. 1998ರ ಆರ್‌ಎಫ್‌ಸಿ 2308ರ ಪ್ರಕಾರ 'ಅಂಥ ಹೆಸರೇ ಇಲ್ಲ' ಎಂಬುದನ್ನೂ ರಿಸಾಲ್ವರ್ ನೆನಪಿಟ್ಟುಕೊಳ್ಳುತ್ತದೆ. ಹೊಸ ಹೆಸರನ್ನು ಸೇರಿಸುವ ಮುಂಚೆಯೇ ಆತುರಪಟ್ಟು 'ಬಂತೇ, ಬಂತೇ' ಎಂದು ಪರೀಕ್ಷಿಸಿದ ಉಸ್ತುವಾರಿಗನಿಗೆ, ಸೇರಿಸಿದ ನಂತರವೂ ಗಂಟೆಗಟ್ಟಲೆ 'ಇಲ್ಲ' ಎಂದೇ ಕಾಣುತ್ತಿರುತ್ತದೆ. ಅದೇ ಹೊತ್ತಿಗೆ ಪಕ್ಕದ ಊರಿನ ಗೆಳೆಯನಿಗೆ ಎಲ್ಲ ಸರಿಯಾಗಿ ತೆರೆಯುತ್ತದೆ.

ಇನ್ನು ದಾಖಲೆಗಳು. ಹೆಸರಿನಿಂದ ವಿಳಾಸಕ್ಕೆ ಕೊಂಡೊಯ್ಯುವ ಎ ದಾಖಲೆ ಹಳೆಯದು, ಐಪಿ ಆರನೇ ಆವೃತ್ತಿಗೆ ಬೇಕಾದ ನಾಲ್ಕು-ಎ ದಾಖಲೆ ಆಮೇಲಿನದು. ಒಂದು ಹೆಸರಿಗೆ ಇನ್ನೊಂದನ್ನು ಅಡ್ಡಹೆಸರಾಗಿಸುವುದು ಸಿನೇಮ್. ಅಂಚೆ ಎಲ್ಲಿಗೆ ಹೋಗಬೇಕೆಂದು ಹೇಳುವುದು ಎಂಎಕ್ಸ್. ಟಿಎಕ್ಸ್‌ಟಿ ಮೊದಲಿಗೆ ಬರೀ ಟಿಪ್ಪಣಿಗೆಂದು ಇದ್ದದ್ದು, ಈಗ ನಕಲಿ ಅಂಚೆ ತಡೆಯುವ ಎಸ್‌ಪಿಎಫ್, ಡಿಕಿಮ್ ವ್ಯವಸ್ಥೆಗಳ ಭಾರವೆಲ್ಲ ಅದರ ಹೆಗಲ ಮೇಲಿದೆ. ಜಾಲತಾಣ ಸಾಗಿಸುವವರು ಎ ದಾಖಲೆಯನ್ನು ಮರೆಯುವುದಿಲ್ಲ, ಟಿಎಕ್ಸ್‌ಟಿಯನ್ನು ಮರೆಯುತ್ತಾರೆ. ತಾಣ ಚೆನ್ನಾಗಿಯೇ ತೆರೆಯುತ್ತದೆ. ಸಂಸ್ಥೆಯ ಪತ್ರಗಳು ಮಾತ್ರ ಗಿರಾಕಿಗಳ ಕಸದ ಪೆಟ್ಟಿಗೆಗೆ ಬೀಳತೊಡಗುತ್ತವೆ. ವಿಳಾಸದಿಂದ ಹೆಸರಿಗೆ ಹಿಮ್ಮುಖವಾಗಿ ಹೋಗುವ ಪಿಟಿಆರ್ ದಾಖಲೆಯ ಪಾಡು ಇನ್ನೂ ವಿಚಿತ್ರ. ಅದು ಡೊಮೇನ್ ಒಡೆಯನ ಕೈಯಲ್ಲಿಲ್ಲ, ಐಪಿ ವಿಳಾಸ ಹಂಚಿದವರ ಕೈಯಲ್ಲಿದೆ. ಸರ್ವರ್ ಹೊಸ ಸೇವಾದಾರರಲ್ಲಿಗೆ ಹೋದಾಗ ಅವರನ್ನೇ ಕೇಳಿ ಬರೆಸಿಕೊಳ್ಳಬೇಕು.

ಈ ದಾಖಲೆಗಳ ಕಡತಕ್ಕೆ ಝೋನ್ ಎನ್ನುತ್ತಾರೆ. ಅದರಲ್ಲಿ ಒಂದು ಚುಕ್ಕಿಗೆ ದೊಡ್ಡ ಬೆಲೆ. ಹೆಸರಿನ ಕೊನೆಗೆ ಚುಕ್ಕಿ ಇದ್ದರೆ ಅದು ಪೂರ್ಣ ಹೆಸರು. ಇಲ್ಲದಿದ್ದರೆ ಸರ್ವರ್ ಅದರ ಕೊನೆಗೆ ಝೋನಿನ ಹೆಸರನ್ನು ತಾನಾಗಿ ಅಂಟಿಸುತ್ತದೆ. ಕನ್ನಡದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಮಗ ಮಂಗನಾಗುತ್ತಾನೆ. ಇಲ್ಲಿ ಒಂದು ಚುಕ್ಕಿ ಕಡಿಮೆಯಾದರೆ ದೇಶವೇ ಮರೆಯಾಗಬಹುದು. 2009ರ ಅಕ್ಟೋಬರ್ 12ರ ರಾತ್ರಿ ಸ್ವೀಡನ್‌ನಲ್ಲಿ ಆದದ್ದು ಅದೇ. ಡಾಟ್ ಎಸ್‌ಇ ಝೋನನ್ನು ಹೊಸದಾಗಿ ಕಟ್ಟುವ ಸ್ಕ್ರಿಪ್ಟ್ ಕೊನೆಯ ಚುಕ್ಕಿ ಬಿಟ್ಟುಬಿಟ್ಟಿತು. ಸುಮಾರು 9 ಲಕ್ಷ ಹೆಸರುಗಳು ಒಮ್ಮೆಲೇ ದಾರಿ ತಪ್ಪಿದವು. ಒಂದು ಗಂಟೆಯ ಆಸುಪಾಸಿನಲ್ಲಿ ಸರಿಯಾದ ಝೋನ್ ಬಂತಾದರೂ, ಅಷ್ಟರಲ್ಲಿ ಕೆಟ್ಟ ಉತ್ತರ ಪಡೆದು ನೆನಪಿಟ್ಟುಕೊಂಡಿದ್ದ ರಿಸಾಲ್ವರ್‌ಗಳು ಅದನ್ನೇ ಹೇಳುತ್ತ ಹೋದವು. ಜಾಲ ಸೇವಾದಾರರು ತಮ್ಮ ರಿಸಾಲ್ವರ್‌ಗಳ ನೆನಪನ್ನು ಕೈಯಾರೆ ತೊಳೆಯಬೇಕಾಯಿತು.

ಝೋನಿನ ತಲೆಬರಹದಂತಿರುವುದು ಎಸ್‌ಒಎ ದಾಖಲೆ. ಅದರಲ್ಲೊಂದು ಕ್ರಮಸಂಖ್ಯೆ ಇರುತ್ತದೆ. ಮುಖ್ಯ ಸರ್ವರ್‌ನಲ್ಲಿ ತಿದ್ದಿದಾಗಲೆಲ್ಲ ಅದನ್ನು ಏರಿಸಬೇಕು. ಝೋನಿನ ಪ್ರತಿ ಇಟ್ಟುಕೊಳ್ಳುವ ಉಪ ಸರ್ವರ್‌ಗಳು ಆ ಅಂಕಿಯನ್ನು ತಮ್ಮದರ ಜೊತೆ ಹೋಲಿಸಿ, ದೊಡ್ಡದಾಗಿದ್ದರೆ ಮಾತ್ರ ಹೊಸ ಝೋನ್ ತರಿಸಿಕೊಳ್ಳುತ್ತವೆ. ಇಸವಿ, ತಿಂಗಳು, ದಿನ, ಮತ್ತೆ ಎರಡಂಕಿ ಎಂದು ಬರೆಯುವ ರೂಢಿ ಬಂದದ್ದು ಗೊಂದಲ ತಪ್ಪಿಸಲೆಂದು. ಆದರೆ ಕೈತಪ್ಪಿ 2025ರ ಬದಲು 2052 ಎಂದು ಬರೆದವರ ಫಜೀತಿ ಬೇರೆ. ಅಂಕಿಯನ್ನು ಇಳಿಸಿದರೆ ಉಪ ಸರ್ವರ್‌ಗಳು 'ಇದು ಹಳೆಯದು' ಎಂದು ಮುಖ ತಿರುಗಿಸುತ್ತವೆ. 32 ಬಿಟ್ಟಿನ ಈ ಅಂಕಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆಂದು 1996ರ ಆರ್‌ಎಫ್‌ಸಿ 1982 ನಿಯಮ ಮಾಡಿದೆ. ಹಾಗಾಗಿ ಹಿಂದೆ ಬರಲು ಮುಂದೆಯೇ ಹೋಗಬೇಕು: 2147483647ನ್ನು ಕೂಡಿಸಿ, ಎಲ್ಲ ಸರ್ವರ್‌ಗಳೂ ಒಪ್ಪಿದ ಮೇಲೆ ಬೇಕಾದ ಅಂಕಿಗೆ ಸುತ್ತಿ ಬರುವುದು.

ಸ್ಥಳಾಂತರಕ್ಕೆ ಹೆಚ್ಚು ನೆಮ್ಮದಿಯ ದಾರಿಯನ್ನು ಕೊಟ್ಟದ್ದೂ ಈ ಮುಖ್ಯ-ಉಪ ಜೋಡಿಯೇ. ಹೊಸ ಸರ್ವರನ್ನು ಮೊದಲು ಉಪ ಸರ್ವರ್ ಆಗಿ ಕೂರಿಸುತ್ತಾರೆ, ಝೋನ್ ತಾನಾಗಿ ಅದಕ್ಕೆ ಹರಿದು ಬರುತ್ತದೆ. ಎರಡೂ ಒಂದೇ ಉತ್ತರ ಕೊಡುತ್ತಿವೆಯೆಂದು ಖಾತ್ರಿಯಾದ ಮೇಲೆ ಹೊಸದನ್ನು ಮುಖ್ಯವಾಗಿಸಿ, ಹಳೆಯದನ್ನು ಕೆಲ ದಿನ ಜೊತೆಗೇ ಓಡಿಸಿ, ಕೊನೆಗೆ ಮೇಲಿನ ಹಂತದಲ್ಲಿ, ಯಾವ ಸರ್ವರನ್ನು ಕೇಳಬೇಕೆಂದು ಬೆರಳು ತೋರಿಸುವ ಎನ್‌ಎಸ್ ದಾಖಲೆ ತಿದ್ದಿಸುತ್ತಾರೆ. ಈ ಕೊನೆಯ ಹೆಜ್ಜೆಯಲ್ಲೇ ಎಡವುವವರು ಬಹಳ. ಜಮೀನಿನ ಕ್ರಯಪತ್ರ ನೋಂದಣಿಯಾಗಿದ್ದರೂ ಖಾತೆ ಬದಲಾಗದಿದ್ದರೆ ಕಂದಾಯದ ರಸೀದಿ ಹಳೆಯವನ ಹೆಸರಿಗೇ ಬರುವುದಿಲ್ಲವೇ, ಹಾಗೆ. ತಮ್ಮ ಝೋನಿನಲ್ಲಿ ಎನ್‌ಎಸ್ ಬದಲಿಸಿಕೊಂಡರೂ ಮೇಲಿನ ಹಂತದ ರಿಜಿಸ್ಟ್ರಿಯಲ್ಲಿ ಬದಲಾಗದಿದ್ದರೆ ಜಗತ್ತು ಹಳೆಯ ಸರ್ವರ್‌ನ ಬಾಗಿಲನ್ನೇ ತಟ್ಟುತ್ತದೆ. ಡಾಟ್ ಕಾಮ್ ರಿಜಿಸ್ಟ್ರಿ ಕೊಡುವ ಎನ್‌ಎಸ್ ದಾಖಲೆಯ ಆಯಸ್ಸು 172800 ಸೆಕೆಂಡು, ಪೂರಾ ಎರಡು ದಿನ. ಸಹಾಯವಾಣಿಯ '48 ಗಂಟೆ'ಗೆ ಏನಾದರೂ ಆಧಾರವಿದ್ದರೆ ಅದು ಇದೇ. ತನ್ನ ಟಿಟಿಎಲ್ ಅನ್ನು ಐದು ನಿಮಿಷಕ್ಕೆ ಇಳಿಸಿ ಬೀಗಿದವರಿಗೂ ಈ ಅಂಕಿಯ ಮೇಲೆ ಹಿಡಿತವಿಲ್ಲ. ಹಾಗಾಗಿ ಹಳೆಯ ಸರ್ವರನ್ನು ಮೊದಲ ದಿನವೇ ಆರಿಸುವುದು ಉಳಿತಾಯವಲ್ಲ.

ಸರ್ವರ್‌ಗಳು ಎಲ್ಲಿರಬೇಕೆಂಬ ಪಾಠವನ್ನು 2001ರಲ್ಲಿ ಮೈಕ್ರೋಸಾಫ್ಟ್ ದುಬಾರಿ ಬೆಲೆ ತೆತ್ತು ಕಲಿಯಿತು. ಅದರ ನಾಲ್ಕು ಡಿಎನ್‌ಎಸ್ ಸರ್ವರ್‌ಗಳೂ ಜಾಲದ ಒಂದೇ ತುಂಡಿನಲ್ಲಿದ್ದವು. ಜನವರಿ ಕೊನೆಯ ವಾರ ಅವುಗಳ ಮುಂದಿನ ರೂಟರ್‌ನಲ್ಲಿ ಮಾಡಿದ ಒಂದು ಬದಲಾವಣೆಯಿಂದ ನಾಲ್ಕೂ ಏಕಕಾಲಕ್ಕೆ ಜಗತ್ತಿಗೆ ಮರೆಯಾದವು, ಹಾಟ್‌ಮೇಲ್ ಮತ್ತು ಎಂಎಸ್‌ಎನ್ ಸುಮಾರು ಒಂದು ದಿನ ಸಿಗದಾದವು. ಸರ್ವರ್‌ಗಳನ್ನು ಬೇರೆ ಬೇರೆ ಜಾಲಗಳಲ್ಲಿ, ಬೇರೆ ಊರುಗಳಲ್ಲಿ ಇಡಬೇಕೆಂದು 1997ರ ಆರ್‌ಎಫ್‌ಸಿ 2182 ಆಗಲೇ ಹೇಳಿತ್ತು.

ಉನ್ನತ ಹಂತದ ಇಡೀ ಝೋನನ್ನೇ ಹೊತ್ತು ಸಾಗಿಸಿದ ಉದಾಹರಣೆಗಳೂ ಇವೆ. 2003ರ ಜನವರಿಯಲ್ಲಿ ಡಾಟ್ ಆರ್ಗ್ ವೆರಿಸೈನ್ ಕೈಯಿಂದ ಪಬ್ಲಿಕ್ ಇಂಟರೆಸ್ಟ್ ರಿಜಿಸ್ಟ್ರಿಗೆ ಬಂದಾಗ 25 ಲಕ್ಷಕ್ಕೂ ಹೆಚ್ಚು ಹೆಸರುಗಳು ಸಾಗಿದವು. ಆಸ್ಟ್ರೇಲಿಯಾದ ಡಾಟ್ ಎಯು 2018ರ ಜುಲೈ 1ರಂದು ಅಫಿಲಿಯಾಸ್ ಸಂಸ್ಥೆಯ ವಶಕ್ಕೆ ಹೋದಾಗ ಲೆಕ್ಕ 30 ಲಕ್ಷ ದಾಟಿತ್ತು. ಭಾರತದ ಡಾಟ್ ಇನ್ ಕೂಡ 2005ರಿಂದ ಅಫಿಲಿಯಾಸ್ ನೋಡಿಕೊಳ್ಳುತ್ತಿದ್ದ ತಾಂತ್ರಿಕ ವ್ಯವಸ್ಥೆಯಿಂದ 2019ರಲ್ಲಿ ನ್ಯೂಸ್ಟಾರ್‌ಗೆ ಹೋಯಿತು. ಬೆಂಗಳೂರಿನ ಅಂಗಡಿಯೊಂದರ ಡಾಟ್ ಇನ್ ಹೆಸರೂ ಆಗ ಮನೆ ಬದಲಿಸಿತ್ತು, ಮಾಲೀಕನಿಗೆ ಗೊತ್ತಾಗಲಿಲ್ಲ. ಈ ವೃತ್ತಿಯಲ್ಲಿ ಯಶಸ್ಸು ಕಾಣಿಸುವುದು ಹೀಗೆಯೇ.

ಸಹಿ ಹಾಕಿದ ಝೋನುಗಳ ಕತೆ ಹೆಚ್ಚು ನಾಜೂಕು. ನಡುದಾರಿಯಲ್ಲಿ ಯಾರೋ ಸುಳ್ಳು ಉತ್ತರ ತುರುಕದಂತೆ ದಾಖಲೆಗಳಿಗೆ ಗಣಿತದ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಪದ್ಧತಿ ರೂಟ್ ಹಂತಕ್ಕೆ ಬಂದದ್ದು 2010ರ ಜುಲೈನಲ್ಲಿ. ಇದರಲ್ಲಿ ಡಿಎಸ್ ಎಂಬ ದಾಖಲೆ ಮೇಲಿನ ಹಂತದಲ್ಲಿ ಕುಳಿತು 'ಈ ಝೋನಿಗೆ ಸಹಿಯಿದೆ, ಪರಿಶೀಲಿಸಿ' ಎಂದು ಸಾರುತ್ತದೆ. 2021ರ ಸೆಪ್ಟೆಂಬರ್ 30ರಂದು ಸ್ಲ್ಯಾಕ್ ಸಂಸ್ಥೆ ತನ್ನ ಮುಖ್ಯ ಡೊಮೇನಿಗೆ ಇದನ್ನು ಅಳವಡಿಸುವ ಮೂರನೇ ಪ್ರಯತ್ನ ಮಾಡಿತು. ಕೆಲವು ಬಳಕೆದಾರರಿಗೆ ತೊಂದರೆ ಕಂಡಿತು. ಇಂಜಿನಿಯರರು ಗಾಬರಿಯಲ್ಲಿ ಡಿಎಸ್ ತೆಗೆದರು, ಸಹಿಯನ್ನೂ ನಿಲ್ಲಿಸಿದರು. ಆದರೆ ಡಾಟ್ ಕಾಮ್‌ನ ಡಿಎಸ್ ಪ್ರತಿಗೆ 24 ಗಂಟೆಯ ಆಯಸ್ಸು. ಅದನ್ನು ನೆನಪಿಟ್ಟುಕೊಂಡಿದ್ದ ರಿಸಾಲ್ವರ್‌ಗಳು ಸಹಿ ಕೇಳಿದವು, ಸಹಿ ಸಿಗಲಿಲ್ಲ, ಉತ್ತರವನ್ನೇ ತಿರಸ್ಕರಿಸಿದವು. ತೊಂದರೆ ಬಗೆಹರಿಸಲು ಹೋಗಿ ತೊಂದರೆ ಇಡೀ ದಿನಕ್ಕೆ ಬೆಳೆಯಿತು. ಡಿಎಸ್ ತೆಗೆದು, ಅದರ ಆಯಸ್ಸು ಪೂರ್ತಿ ಮುಗಿದ ಮೇಲಷ್ಟೇ ಸಹಿ ನಿಲ್ಲಿಸಬೇಕೆಂಬುದು ಪುಸ್ತಕದ ನಿಯಮ. ಕೈಯಲ್ಲಿ ಬೆಂಕಿ ಹಿಡಿದು ನಿಂತವನಿಗೆ 24 ಗಂಟೆ ಕಾಯಿರಿ ಎಂದು ಹೇಳುವ ನಿಯಮ ಅದು.

ಕಚೇರಿಗಳ ಒಳಜಾಲದಲ್ಲಿ ಚಿತ್ರ ಬೇರೆ. 2000ದಲ್ಲಿ ವಿಂಡೋಸ್ ಸರ್ವರ್ ಜೊತೆ, ಬಳಕೆದಾರರ ಮತ್ತು ಯಂತ್ರಗಳ ಪಟ್ಟಿ ಇಡುವ ಆಕ್ಟಿವ್ ಡೈರೆಕ್ಟರಿ ಬಂದ ಮೇಲೆ ಡಿಎನ್‌ಎಸ್ ದಾಖಲೆಗಳನ್ನು ಮನುಷ್ಯರಿಗಿಂತ ಹೆಚ್ಚಾಗಿ ಯಂತ್ರಗಳೇ ಬರೆಯತೊಡಗಿದವು. ಲಾಗಿನ್ ಆಗಲು ಯಾವ ಸರ್ವರ್ ಹುಡುಕಬೇಕೆಂಬುದನ್ನು ಎಸ್‌ಆರ್‌ವಿ ದಾಖಲೆಗಳು ಹೇಳುತ್ತವೆ. ಅವನ್ನು ನೆಟ್‌ಲಾಗನ್ ಸೇವೆ ತಾನೇ ನೋಂದಾಯಿಸುತ್ತದೆ. ಝೋನ್ ಡೈರೆಕ್ಟರಿಯೊಳಗೇ ಇದ್ದರೆ ಸ್ಥಳಾಂತರ ಹೂವೆತ್ತಿದಷ್ಟು ಹಗುರ: ಹೊಸ ಡೊಮೇನ್ ಕಂಟ್ರೋಲರ್ ಸೇರಿಸಿ ಡಿಎನ್‌ಎಸ್ ಪಾತ್ರ ಕೊಟ್ಟರೆ ಝೋನ್ ತಾನಾಗಿ ಬರುತ್ತದೆ. ಬಾರದಿರುವುದು ಝೋನಿನ ಹೊರಗಿನ ಸಂಗತಿ. ಹೊರಜಗತ್ತಿನ ಪ್ರಶ್ನೆಗಳನ್ನು ಯಾರಿಗೆ ದಾಟಿಸಬೇಕೆಂಬ ಫಾರ್ವರ್ಡರ್ ಪಟ್ಟಿ ಆಯಾ ಸರ್ವರ್‌ನ ಖಾಸಗಿ ಆಸ್ತಿ, ಅದನ್ನು ಕೈಯಿಂದಲೇ ಬರೆಯಬೇಕು. ಇನ್ನು ಪ್ರಿಂಟರ್, ಹಾಜರಾತಿ ಯಂತ್ರ, ಸಿಸಿಟಿವಿ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಎಂದೋ ಯಾರೋ ಬರೆದಿಟ್ಟ ಹಳೆಯ ಸರ್ವರ್ ವಿಳಾಸ ಹಾಗೇ ಉಳಿದಿರುತ್ತದೆ. ಅವುಗಳ ಹಿಂದೆ ಅಲೆಯುವ ಬದಲು, ಹಳೆಯ ಸರ್ವರ್ ನಿವೃತ್ತಿಯಾದ ಮೇಲೆ ಅದರ ವಿಳಾಸವನ್ನೇ ಹೊಸದಕ್ಕೆ ಕೊಡುವವರೂ ಇದ್ದಾರೆ. ಜಾಣತನವೋ ಸೋಮಾರಿತನವೋ, ಕೆಲಸ ಮಾತ್ರ ನಡೆಯುತ್ತದೆ.

ಯಂತ್ರಗಳು ಬರೆದದ್ದನ್ನು ಅಳಿಸುವವರು ಬೇಕಲ್ಲ. ಹೊರಟುಹೋದ ಲ್ಯಾಪ್‌ಟಾಪುಗಳ ಹೆಸರುಗಳು ವರ್ಷಗಟ್ಟಲೆ ಝೋನಿನಲ್ಲಿ ಕೊಳೆಯುತ್ತವೆ. ಇವನ್ನು ಗುಡಿಸಲು ವಿಂಡೋಸ್ ಸರ್ವರ್‌ನಲ್ಲಿ ಸ್ಕ್ಯಾವೆಂಜಿಂಗ್ ಎಂಬ ಸೌಲಭ್ಯವಿದೆ. ಏಳು ದಿನದ ಎರಡು ಅವಧಿಗಳು ಕಳೆದರೂ ಸುದ್ದಿಯಿಲ್ಲದ ದಾಖಲೆಯನ್ನು ಅದು ತೆಗೆದುಹಾಕಬಹುದು. ಆದರೆ ತಾನಾಗಿ ಅದು ಆರಿಯೇ ಇರುತ್ತದೆ. ವರ್ಷಗಳ ನಂತರ ಒಂದು ದಿನ ಹೊಸ ಉಸ್ತುವಾರಿಗ ಹುಮ್ಮಸ್ಸಿನಿಂದ ಹೊತ್ತಿಸಿದಾಗ, ಜೀವಂತ ಸರ್ವರ್‌ಗಳ ದಾಖಲೆಗಳೂ ಕಸದ ಜೊತೆ ಹೋಗುವ ಅಪಾಯವಿದೆ. ಕೈಯಿಂದ ಸೇರಿಸಿದ ದಾಖಲೆಗೆ ಕಾಲಮುದ್ರೆ ಇರುವುದಿಲ್ಲವಾದ್ದರಿಂದ ಅದು ಮಾತ್ರ ಎಂದೂ ಹೋಗುವುದಿಲ್ಲ, ಸತ್ತ ಸರ್ವರ್‌ನದ್ದಾದರೂ.

ಕೈತಪ್ಪುಗಳಿಗೆ ಬೇಸತ್ತ ದೊಡ್ಡ ಸಂಸ್ಥೆಗಳು ದಾಖಲೆಗಳನ್ನು ಪ್ರೋಗ್ರಾಮಿನ ಕೋಡ್‌ನಂತೆ ಇಡತೊಡಗಿದವು. ಗಿಟ್‌ಹಬ್ 2017ರಲ್ಲಿ ಹೊರತಂದ ಆಕ್ಟೋಡಿಎನ್‌ಎಸ್, ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹುಟ್ಟಿದ ಡಿಎನ್‌ಎಸ್‌ಕಂಟ್ರೋಲ್ ಈ ಬಗೆಯವು. ಏನು ಬದಲಾಗಲಿದೆ ಎಂಬುದನ್ನು ಮೊದಲೇ ತೋರಿಸುತ್ತವೆ, ಒಂದೇ ಝೋನನ್ನು ಇಬ್ಬರು ಸೇವಾದಾರರಲ್ಲಿ ಏಕಕಾಲಕ್ಕೆ ಇಡಲು ನೆರವಾಗುತ್ತವೆ. ಆದರೆ ಯಂತ್ರಕ್ಕೂ ಹಳೆಯ ನೆನಪಿನ ಕಾಟ ತಪ್ಪಿದ್ದಲ್ಲ. 2025ರ ಅಕ್ಟೋಬರ್‌ನಲ್ಲಿ ಅಮೆಜಾನ್‌ನ ಉತ್ತರ ವರ್ಜೀನಿಯಾ ಕೇಂದ್ರದಲ್ಲಿ ಡೈನಮೊಡಿಬಿ ಸೇವೆಯ ಡಿಎನ್‌ಎಸ್ ದಾಖಲೆ ನೋಡಿಕೊಳ್ಳುವ ಸ್ವಯಂಚಾಲಿತ ಕೆಲಸಗಾರರಲ್ಲಿ ಒಂದು ತಡವಾಗಿ, ಹಳೆಯ ಯೋಜನೆಯನ್ನು ಹೊಸದರ ಮೇಲೆ ಬರೆಯಿತು. ಅಷ್ಟರಲ್ಲಿ ಇನ್ನೊಂದು 'ಇದು ಹಳೆಯದು' ಎಂದು ಆ ಯೋಜನೆಯನ್ನು ಅಳಿಸಿತು. ಉಳಿದದ್ದು ಖಾಲಿ ದಾಖಲೆ. ಆ ಹೆಸರನ್ನು ನಂಬಿದ್ದ ಸೇವೆಗಳು ಸಾಲಾಗಿ ಮಲಗಿದವು.

ಬಿಟ್ಟುಹೋದ ವಿಳಾಸದಲ್ಲಿ ಬೇರೊಬ್ಬರು ಬಂದು ಕೂರುವುದೂ ಉಂಟು. ಜಗತ್ತಿನ ಡೊಮೇನ್ ಹೆಸರುಗಳನ್ನು ಸಮನ್ವಯಗೊಳಿಸುವ ಐಕ್ಯಾನ್ ಸಂಸ್ಥೆ ನಡೆಸುವ ಎಲ್-ರೂಟ್ 2007ರ ನವೆಂಬರ್‌ನಲ್ಲಿ ವಿಳಾಸ ಬದಲಿಸಿ, ಆರು ತಿಂಗಳ ನಂತರ ಹಳೆಯದನ್ನು ತೊರೆಯಿತು. ಆ ಹಳೆಯ ಅಂಕಿ ಮಾತ್ರ ಸುಮ್ಮನಾಗಲಿಲ್ಲ. ಬೇರೆಯವರು ಅದನ್ನು ತಮ್ಮದೆಂದು ಸಾರಿ, ರೂಟ್ ಸರ್ವರ್‌ನಂತೆಯೇ ಉತ್ತರಿಸುತ್ತಿದ್ದದ್ದು 2008ರ ಮೇ ತಿಂಗಳಲ್ಲಿ ಬಯಲಾಯಿತು. ಉತ್ತರಗಳು ಸರಿಯಾಗಿಯೇ ಇದ್ದವು, ಹಾಗಾಗಿ ಅನಾಹುತವಾಗಲಿಲ್ಲ. ಇದರ ಸಣ್ಣ ರೂಪ ಇಂದು ದಿನನಿತ್ಯದ್ದು: ಕ್ಲೌಡ್‌ನ ಬಾಡಿಗೆ ಜಾಗ ಬಿಟ್ಟವರು ಅದರತ್ತ ತೋರಿಸುವ ಸಿನೇಮ್ ಅಳಿಸಲು ಮರೆಯುತ್ತಾರೆ, ಅದೇ ಜಾಗವನ್ನು ಬಾಡಿಗೆ ಹಿಡಿದ ವಂಚಕ, ಬಿಟ್ಟುಹೋದ ಸಂಸ್ಥೆಯ ಹೆಸರಿನಲ್ಲೇ ಅಂಗಡಿ ತೆರೆಯುತ್ತಾನೆ.

ಕನ್ನಡದ ಹೆಸರುಗಳೂ ಈ ಲೋಕಕ್ಕೆ ಬಂದಿವೆ. 22 ಭಾಷೆಗಳಿಗಾಗಿ ಭಾರತ ಪಡೆದ 15 ಸ್ವಲಿಪಿ ಡೊಮೇನುಗಳಲ್ಲಿ ಕನ್ನಡದ ಡಾಟ್ ಭಾರತವೂ ಒಂದು. ಆದರೆ ಡಿಎನ್‌ಎಸ್‌ಗೆ ಕನ್ನಡ ಓದಲು ಬಾರದು. ಪ್ಯುನಿಕೋಡ್ ಎಂಬ ಪದ್ಧತಿ ಅದನ್ನು ರೋಮನ್ ಅಕ್ಷರ-ಅಂಕಿಗಳ ಸರಕ್ಕೆ ತಿರುಗಿಸುತ್ತದೆ. ಝೋನ್ ಕಡತದಲ್ಲಿ 'ಭಾರತ' ಇರುವುದು ಎಕ್ಸ್‌ಎನ್ ಎಂಬ ಮುನ್ನೊಟ್ಟು ಹೊತ್ತ, ನಡುವೆ 2 ಮತ್ತು 9 ಸೇರಿದ, ಬಾಯಿಗೆ ಬಾರದ ಸಂಕೇತವಾಗಿ. ಕನ್ನಡ ಮತ್ತು ತೆಲುಗಿನ ಹಲವು ಅಕ್ಷರಗಳು ಕಣ್ಣಿಗೆ ಒಂದೇ ಆದರೂ ಸಂಕೇತ ಬೇರೆ, ಹಾಗಾಗಿ ರೂಟ್ ಹಂತದ ಲಿಪಿ ನಿಯಮಗಳು ಎರಡನ್ನೂ ಒಂದರ ರೂಪಾಂತರ ಇನ್ನೊಂದೆಂದು ಕಟ್ಟಿಹಾಕಿವೆ. ಇನ್ನೊಂದು ತೊಡಕು ಕಣ್ಣಿಗೇ ಕಾಣದು. 'ಸಾಫ್ಟ್‌ವೇರ್' ಎಂಬ ಪದದಲ್ಲಿ ಟ ಮತ್ತು ವ ಒತ್ತಾಗದಂತೆ ತಡೆಯುವ ಶೂನ್ಯ ಅಗಲದ ಒಂದು ಸಂಕೇತ ಅಡಗಿದೆ. ಸ್ವಲಿಪಿ ಹೆಸರುಗಳ 2003ರ ಮಾನಕ ಅದನ್ನು ಉದುರಿಸಿಬಿಡುತ್ತದೆ, 2008ರ ಮಾನಕ ಉಳಿಸಿಕೊಳ್ಳುತ್ತದೆ. ಹಳೆಯ ತಂತ್ರಾಂಶದಿಂದ ಹೊಸದಕ್ಕೆ ಇಂಥ ಝೋನನ್ನು ಸಾಗಿಸುವವರಿಗೆ ತೆರೆಯ ಮೇಲೆ ಒಂದೇ ಪದ ಕಾಣುತ್ತದೆ, ಕಡತದಲ್ಲಿ ಎರಡು ಬೇರೆ ಹೆಸರುಗಳಿರುತ್ತವೆ.